ಹಳಿ ತಪ್ಪಿದ ಪತ್ತೇದಾರಿ ಧಾರಾವಾಹಿಯ ಬಗ್ಗೆ ವಾಹಿನಿಗೆ ಪತ್ರ ಬರೆಯುವ ಬಗೆ

ಮಡಿಕೇರಿಯ ಸಮೀಪದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ, ಮಳೆಗಾಲದ ಭಾನುವಾರ ರಾತ್ರಿಗಳಲ್ಲಿ ಅಕ್ಕಪಕ್ಕದ ಆರೇಳು ಮಂದಿ ಸೇರಿ ಒಂದು ಪತ್ತೇದಾರಿ ಧಾರಾವಾಹಿಯನ್ನು ನೋಡುತ್ತಾ ಬಂದಿದ್ದೇವೆ. ಮೊದಲ ಎರಡು ವರ್ಷ ಕಂತು ಮುಗಿದು ಅರ್ಧ ಗಂಟೆಯಾದರೂ ಯಾರೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ಕೊಲೆಗಾರನನ್ನು ಮೊದಲೇ ಊಹಿಸಿದವರು ಯಾರು, ಯಾವ ಸುಳಿವು ಎಲ್ಲರ ಕಣ್ಣು ತಪ್ಪಿಸಿತು ಎಂಬ ಮಾತು ಒಲೆಯ ಬೆಂಕಿ ಆರುವವರೆಗೂ ನಡೆಯುತ್ತಿತ್ತು. ಮೂರನೆಯ ವರ್ಷ ಕಂತು ಮುಗಿಯುವ ಮುನ್ನವೇ ಜನ ತಮ್ಮ ಕೊಡೆ ಹುಡುಕತೊಡಗಿದರು. ನೆರೆಮನೆಯ ದೊಡ್ಡಮ್ಮ ಒಂದು ರಾತ್ರಿ, "ನಾವು ಗಮನ ಕೊಟ್ಟು ನೋಡುತ್ತೇವೆ ಅನ್ನುವುದನ್ನೇ ಇವರು ಮರೆತಿದ್ದಾರಲ್ಲ ಮಗಾ" ಎಂದರು. ಅಷ್ಟು ಸರಿಯಾಗಿ ಆ ವರ್ಷದ ಕೊರತೆಯನ್ನು ನಮ್ಮಲ್ಲಿ ಬೇರೆ ಯಾರೂ ಹೇಳಲಿಲ್ಲ.

ನಾವು ವಾಹಿನಿಗೆ ಬರೆದ ಮೊದಲ ಪತ್ರದಲ್ಲಿ "ಧಾರಾವಾಹಿ ಮೊದಲಿನಂತಿಲ್ಲ, ದಯವಿಟ್ಟು ಸುಧಾರಿಸಿ" ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದನ್ನು ಓದಿದ ಬರಹಗಾರರಿಗೆ ಯಾವ ದೃಶ್ಯವನ್ನು ಬದಲಿಸಬೇಕೆಂದು ತಿಳಿಯುವುದಾದರೂ ಹೇಗೆ? ಎರಡನೆಯ ಪತ್ರಕ್ಕೆ ಆರು ವಾರ ಹಿಡಿಯಿತು. ಆ ಆರು ವಾರಗಳಲ್ಲಿ ಕಲಿತದ್ದನ್ನು, ಇದೇ ಬಗೆಯ ನಿರಾಶೆಯಲ್ಲಿರುವ ಬೇರೆ ವೀಕ್ಷಕರಿಗೆ ನೆರವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ. ಪತ್ತೇದಾರನು ಅಪರಾಧದ ಸ್ಥಳಕ್ಕೆ ಹೋಗಿ ಮಾಡುವ ಕೆಲಸವನ್ನೇ ವೀಕ್ಷಕರು ಧಾರಾವಾಹಿಯ ಮೇಲೆ ಮಾಡಬೇಕು: ಎಲ್ಲಿ, ಯಾವ ಕಂತಿನಲ್ಲಿ, ಎಷ್ಟನೆಯ ನಿಮಿಷದಲ್ಲಿ ಕಥೆ ಕೈಕೊಟ್ಟಿತು ಎಂಬುದನ್ನು ಬೆರಳಿಟ್ಟು ತೋರಿಸಬೇಕು.

ಮೊದಲಿಗೆ ನಿಮಗೆ ಬಹಳ ಇಷ್ಟವಾಗಿದ್ದ ಹಳೆಯ ಕಂತೊಂದನ್ನೂ ಬೇಸರ ತಂದ ಹೊಸ ಕಂತೊಂದನ್ನೂ ಆರಿಸಿಕೊಂಡು ಎರಡನ್ನೂ ಮತ್ತೆ ನೋಡಿ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಸುಳಿವು ತೆರೆಯ ಮೇಲೆ ಕಾಣಿಸಿದ ನಿಮಿಷವನ್ನು, ಬಲಕ್ಕೆ ಪತ್ತೇದಾರನು ಆ ಸುಳಿವನ್ನು ಬಳಸಿದ ನಿಮಿಷವನ್ನು ಬರೆಯಿರಿ. ನಾವು ಆರಿಸಿದ ಹಳೆಯ ಕಂತಿನಲ್ಲಿ ಕಾಫಿ ಗೋದಾಮಿನ ಮಾಲೀಕನೊಬ್ಬನ ಕೊಲೆಯಾಗುತ್ತದೆ. ಒಂಬತ್ತನೆಯ ನಿಮಿಷದಲ್ಲಿ ಜಗಲಿಯ ಮೇಲೆ ನೀರು ಸೋರುತ್ತಿರುವ ಐದು ಕೊಡೆಗಳ ನಡುವೆ ಒಣಗಿದ ಕೊಡೆಯೊಂದು ತೂಗುತ್ತಿರುವುದನ್ನು ಕ್ಯಾಮೆರಾ ಅವಸರವಿಲ್ಲದೆ ತೋರಿಸುತ್ತದೆ. ನಲವತ್ತೊಂದನೆಯ ನಿಮಿಷದಲ್ಲಿ ಪತ್ತೇದಾರನು, ಆ ಜಡಿಮಳೆಯಲ್ಲಿ ನಡೆದು ಬಂದೆನೆಂದು ಹೇಳಿದವನ ಕೊಡೆ ಒಣಗಿದ್ದು ಹೇಗೆಂದು ಕೇಳುತ್ತಾನೆ. ಆ ಕೊಡೆಯನ್ನು ನಾವೆಲ್ಲರೂ ಕಂಡಿದ್ದೆವು, ಆದರೂ ಯಾರಿಗೂ ಹೊಳೆದಿರಲಿಲ್ಲ. ಹೊಸ ಕಂತಿನಲ್ಲಿ ಎಡಭಾಗ ಪೂರ್ತಿ ಖಾಲಿ ಉಳಿಯಿತು. ಮೂವತ್ತೆಂಟನೆಯ ನಿಮಿಷದಲ್ಲಿ ಪತ್ತೇದಾರನಿಗೆ ಎಲ್ಲಿಂದಲೋ ಒಂದು ಫೋನ್ ಕರೆ ಬರುತ್ತದೆ, ಅಲ್ಲಿಯವರೆಗೆ ಹೆಸರೇ ಕೇಳದಿದ್ದ ಅಣ್ಣನೊಬ್ಬ ಸತ್ತವನಿಗೆ ಇದ್ದನೆಂದು ತಿಳಿಯುತ್ತದೆ, ಐದು ನಿಮಿಷದಲ್ಲಿ ಬಂಧನವೂ ಮುಗಿಯುತ್ತದೆ. ಆ ಖಾಲಿ ಅಂಕಣ ನಮ್ಮ ಇಡೀ ದೂರನ್ನು ನಮಗಿಂತ ಚೆನ್ನಾಗಿ ಹೇಳಿತು.

ಕೊಡಗಿನವರು ಇಲ್ಲೊಂದು ಎಚ್ಚರಿಕೆಯನ್ನು ಪಾಲಿಸಬೇಕು. ಜೋರು ಮಳೆಯಲ್ಲಿ ಡಿಟಿಎಚ್ ಸಿಗ್ನಲ್ ಕ್ಷೀಣಿಸಿ ಚಿತ್ರ ನಿಂತುಹೋಗುವುದು, ಕರೆಂಟು ಹೋಗುವುದು ನಮಗೆ ಹೊಸದಲ್ಲ. ಹಾಗೆ ತಪ್ಪಿಹೋದ ಮೂರು ನಿಮಿಷಗಳಲ್ಲೇ ಸುಳಿವು ಬಂದಿದ್ದರೂ ಬಂದಿರಬಹುದು. ಆದ್ದರಿಂದ ರೆಕಾರ್ಡ್ ಮಾಡಿಕೊಂಡೋ ಓಟಿಟಿಯಲ್ಲೋ ಕಂತನ್ನು ಅಖಂಡವಾಗಿ ಮತ್ತೆ ನೋಡದ ಹೊರತು "ಸುಳಿವೇ ಕೊಡಲಿಲ್ಲ" ಎಂದು ಬರೆಯಬೇಡಿ.

ಟಿಪ್ಪಣಿ ಸಿದ್ಧವಾದ ಮೇಲೆ ಅದನ್ನು ಅಳೆಯಲು ಒಂದು ಕೋಲು ಬೇಕಾಗುತ್ತದೆ. ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಕಥೆಗಾರರೂ ಆಗಿದ್ದ ರೊನಾಲ್ಡ್ ನಾಕ್ಸ್ ಅವರು 1929ರಲ್ಲಿ ಈ ಬಗೆಯ ಕಥೆಗೆ ಹತ್ತು ನಿಯಮಗಳನ್ನು ಹೇಳಿದ್ದರು. ಎಲ್ಲವೂ ಇಂದಿಗೆ ಹೊಂದುವುದಿಲ್ಲವಾದರೂ ನಾಲ್ಕು ನಿಯಮಗಳು ಟಿವಿಗೂ ನೇರವಾಗಿ ಅನ್ವಯಿಸುತ್ತವೆ: ಪತ್ತೇದಾರನಿಗೆ ಸಿಕ್ಕ ಸುಳಿವು ತಕ್ಷಣವೇ ಓದುಗರಿಗೂ ಸಿಗಬೇಕು, ಅವನಿಗೆ ಆಕಸ್ಮಿಕ ಘಟನೆಯಿಂದ ನೆರವು ಒದಗಬಾರದು, ಅಪರಾಧಿಯು ಕಥೆಯ ಆರಂಭದಲ್ಲೇ ಪ್ರಸ್ತಾಪವಾಗಿರುವ ವ್ಯಕ್ತಿಯಾಗಿರಬೇಕು, ಅವಳಿಗಳು ಮತ್ತು ತದ್ರೂಪಿಗಳು ಮುನ್ಸೂಚನೆಯಿಲ್ಲದೆ ಕಾಣಿಸಿಕೊಳ್ಳಬಾರದು. ನಮ್ಮ ಹೊಸ ಕಂತು ಮೊದಲ ಮೂರನ್ನೂ ಮುರಿದಿತ್ತು. ನಿಯಮ ಮುರಿದೂ ಗೆದ್ದ ಕಥೆಗಳು ಇವೆ ಎಂಬುದು ನಿಜ. ಆದರೆ ವರ್ಷವಿಡೀ ಪ್ರತಿ ಕಂತಿನಲ್ಲೂ ಒಂದೇ ನಿಯಮ ಮುರಿಯುತ್ತಿದ್ದರೆ ಅದನ್ನು ಪ್ರಯೋಗವೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗುವುದಿಲ್ಲ.

ಮುಂದಿನ ಹಂತ ಕಾರಣವನ್ನು ಹುಡುಕುವುದು. ಈ ಹಂತದಲ್ಲೇ ಹೆಚ್ಚಿನ ವೀಕ್ಷಕರು ಅವಸರದ ತೀರ್ಪು ಕೊಡುತ್ತಾರೆ. ಧಾರಾವಾಹಿ ಬಹಳ ವರ್ಷ ನಡೆದರೆ ಕೆಡುವುದು ಸಹಜ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಡೇವಿಡ್ ಸೂಶೆ ಅವರು ಪತ್ತೇದಾರ ಪ್ವಾರೋ ಆಗಿ ನಟಿಸಿದ ಬ್ರಿಟಿಷ್ ಸರಣಿ 1989ರಿಂದ 2013ರವರೆಗೆ ನಡೆದರೂ ಒಟ್ಟು ಕಂತುಗಳು 70 ಮಾತ್ರ, ಅವುಗಳ ಹಿಂದೆ ಅಗಾಥಾ ಕ್ರಿಸ್ಟಿ ಅವರ ಕಥೆಗಳ ದೊಡ್ಡ ದಾಸ್ತಾನು ಇತ್ತು. 1993ರಲ್ಲಿ ದೂರದರ್ಶನದಲ್ಲಿ ಬಂದ, ಬಾಸು ಚಟರ್ಜಿ ನಿರ್ದೇಶನದ ಬ್ಯೋಮ್‌ಕೇಶ್ ಬಕ್ಷಿಗೂ ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳ ಆಸರೆ ಇತ್ತು. ಇದಕ್ಕೆ ಪ್ರತಿಯಾಗಿ 1998ರಿಂದ 2018ರವರೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಕಂತುಗಳನ್ನು ಕೊಟ್ಟ ಹಿಂದಿಯ ಸಿಐಡಿಯಂಥ ಧಾರಾವಾಹಿಯ ಬರಹಗಾರರು ವಾರ ವಾರವೂ ಹೊಸ ಅಪರಾಧವನ್ನು, ಹೊಸ ಸುಳಿವನ್ನು ತಾವೇ ಹುಟ್ಟಿಸಬೇಕಾಗಿತ್ತು. ಅಂಥವರು 2004ರಲ್ಲಿ 111 ನಿಮಿಷಗಳ ಕಂತೊಂದನ್ನು ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಿದರು ಎಂಬುದನ್ನು ನೆನೆದರೆ ಗೌರವ ಮೂಡುತ್ತದೆ. ನಿಮ್ಮ ಧಾರಾವಾಹಿಗೆ ಮೂಲಕಥೆಗಳಿವೆಯೇ, ಅವು ಯಾವ ವರ್ಷ ಮುಗಿದವು, ಬರಹಗಾರರ ಹೆಸರು ಯಾವ ಕಂತಿನಿಂದ ಬದಲಾಯಿತು ಎಂಬುದನ್ನು ಕೊನೆಯಲ್ಲಿ ಸರಿಯುವ ಹೆಸರುಗಳಿಂದ ಬರೆದುಕೊಳ್ಳಿ. ನಮ್ಮ ಧಾರಾವಾಹಿಯಲ್ಲಿ ಚಿತ್ರಕಥೆಯ ಹೆಸರು ಬದಲಾದ ಕಂತಿಗೂ ನಮ್ಮ ನೋಟ್‌ಬುಕ್ಕಿನ ಎಡಭಾಗ ಖಾಲಿಯಾಗತೊಡಗಿದ ಕಂತಿಗೂ ಎರಡೇ ವಾರಗಳ ಅಂತರವಿತ್ತು.

ಮೂಲಕಥೆ ಮುಗಿಯುವುದು, ಬರಹಗಾರರು ಬದಲಾಗುವುದು ಮೊದಲ ಕಾರಣವಾದರೆ, ಕಥೆಯನ್ನು ಹಿಗ್ಗಿಸುವುದು ಎರಡನೆಯದು. ಜೆರೆಮಿ ಬ್ರೆಟ್ ಅವರು ಷರ್ಲಾಕ್ ಹೋಮ್ಸ್ ಆಗಿ ನಟಿಸಿದ, ಬ್ರಿಟನ್ನಿನ ಗ್ರೆನಡಾ ಟಿವಿ ಸಂಸ್ಥೆಯ ಸರಣಿಯು 1984ರಿಂದ 1994ರವರೆಗೆ ನಡೆಯಿತು. ಒಂದು ಗಂಟೆಯ ಕಂತುಗಳಾಗಿದ್ದಷ್ಟು ಕಾಲ ಅದು ಮೂಲಕಥೆಗೆ ಬಹುಮಟ್ಟಿಗೆ ನಿಷ್ಠವಾಗಿತ್ತು; 1990ರ ದಶಕದ ಆರಂಭದಲ್ಲಿ ಕೆಲವು ಸಣ್ಣಕಥೆಗಳನ್ನು ಸುಮಾರು ಎರಡು ಗಂಟೆಗಳ ಚಿತ್ರಗಳನ್ನಾಗಿ ಎಳೆದಾಗ, ಮೂಲದಲ್ಲಿಲ್ಲದ ಸಂಗತಿಗಳನ್ನು ತುಂಬಬೇಕಾಯಿತು, ಅಭಿಮಾನಿಗಳೂ ಬೇಸರಗೊಂಡರು. ಆದರೆ ಅದೇ ವರ್ಷಗಳಲ್ಲಿ ಬ್ರೆಟ್ ಅವರ ಆರೋಗ್ಯ ತೀವ್ರವಾಗಿ ಹದಗೆಟ್ಟಿತ್ತು. 1994ರ ಒಂದು ಕಂತಿನಲ್ಲಿ ಹೋಮ್ಸ್ ಮಾಡಬೇಕಾಗಿದ್ದ ಕೆಲಸವನ್ನು ಅವನ ಅಣ್ಣ ಮೈಕ್ರಾಫ್ಟ್‌ನ ಪಾತ್ರಕ್ಕೆ ವಹಿಸಬೇಕಾಯಿತು, ಮರುವರ್ಷ ಬ್ರೆಟ್ ತೀರಿಕೊಂಡರು. ನಟನ ಮುಖ ಊದಿದೆ, ದನಿಯಲ್ಲಿ ಕಸುವಿಲ್ಲ ಎಂದೆಲ್ಲ ಬರೆಯಲು ಕೈ ಮುಂದಾದಾಗ ಈ ಪ್ರಸಂಗವನ್ನು ನೆನಪಿಸಿಕೊಳ್ಳಿ. ಪತ್ರದಲ್ಲಿ ನಟರ ದೇಹದ ಬಗ್ಗೆ ಒಂದಕ್ಷರವೂ ಬೇಡ.

ಮೂರನೆಯ ಕಾರಣವನ್ನು ಗುರುತಿಸುವುದು ಸುಲಭ: ಅಪರಾಧದ ತನಿಖೆ ಹಿಂದೆ ಸರಿದು ಪತ್ತೇದಾರನ ಸ್ವಂತ ಕುಟುಂಬದ ರಹಸ್ಯ ಮುಂದೆ ಬರುತ್ತದೆ. ಬಿಬಿಸಿಯ ಷರ್ಲಾಕ್ 2010ರಿಂದ 2017ರವರೆಗೆ, ತಲಾ ಸುಮಾರು ತೊಂಬತ್ತು ನಿಮಿಷಗಳ 13 ಕಂತುಗಳಲ್ಲಿ ಬಂದಿತು. ಕೊನೆಯ ಸರಣಿಯ ಕೇಂದ್ರದಲ್ಲಿ ಅವನ ಅಜ್ಞಾತ ತಂಗಿ ಇದ್ದಳು, ಮೊದಲ ಕಂತುಗಳ ಚುರುಕಾದ ತನಿಖೆಯನ್ನು ಮೆಚ್ಚಿದ್ದ ಅನೇಕರಿಗೆ ಅದು ರುಚಿಸಲಿಲ್ಲ. ನಿಮ್ಮ ಧಾರಾವಾಹಿಯಲ್ಲಿ ಇದನ್ನು ಅಳೆಯಬೇಕಾದರೆ ಒಂದು ಕಂತಿನಲ್ಲಿ ತನಿಖೆಗೆ ಎಷ್ಟು ನಿಮಿಷ, ಪತ್ತೇದಾರನ ಮನೆಯ ವಿಚಾರಕ್ಕೆ ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಬರೆದುಕೊಂಡರೆ ಸಾಕು.

ಕಥೆ ನಮ್ಮ ಜಿಲ್ಲೆಯಲ್ಲೇ ನಡೆಯುವುದಾದರೆ ಸ್ಥಳೀಯ ವಿವರಗಳನ್ನು ಪರಿಶೀಲಿಸುವ ಹಕ್ಕೂ ಹೊಣೆಯೂ ನಮ್ಮದು. ನಮ್ಮ ಧಾರಾವಾಹಿಯ ಕಂತೊಂದರಲ್ಲಿ ಶಂಕಿತನು, ಜುಲೈ ತಿಂಗಳ ಆ ಮಧ್ಯಾಹ್ನ ತಾನು ಕಣದಲ್ಲಿ ಕಾಫಿ ಹರಡಿ ಒಣಗಿಸುತ್ತಿದ್ದೆನೆಂದು ಹೇಳುತ್ತಾನೆ, ಪತ್ತೇದಾರನು ಒಪ್ಪಿಕೊಂಡು ಹೊರಡುತ್ತಾನೆ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುವ ನಾಡಿನಲ್ಲಿ, ಜುಲೈ ಮಳೆಯಲ್ಲಿ ಬಯಲು ಕಣದಲ್ಲಿ ಕಾಫಿ ಒಣಗಿಸುತ್ತಿದ್ದೆ ಎಂದವನನ್ನು ಶಾಲೆಯ ಮಗುವೂ ಹಿಡಿದುಹಾಕೀತು. ಇನ್ನೊಂದು ಕಂತಿನಲ್ಲಿ, ಕೋವಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೊಡವ ಹಿರಿಯರೊಬ್ಬರ ಮೇಲೆ ಅನುಮಾನ ಬರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇಂಥ ತಪ್ಪುಗಳನ್ನು ಪತ್ರದಲ್ಲಿ ಸರಿಯಾದ ಮಾಹಿತಿಯ ಜೊತೆಗೇ ಬರೆಯಿರಿ. ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹಿನ್ನೆಲೆ ಸಂಗೀತದ ಅಬ್ಬರ, ಉಡುಪು, ಜಾಹೀರಾತಿನ ಸಂಖ್ಯೆ ಮುಂತಾದವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಇಲ್ಲವೇ ಬಿಟ್ಟುಬಿಡಿ.

ಪತ್ರವು ಎರಡು ಪುಟ ಮೀರಬಾರದು. ನಮ್ಮ ಎರಡನೆಯ ಪತ್ರದ ಮುಖ್ಯ ಭಾಗ ಹೀಗಿತ್ತು, ಬೇಕಾದವರು ಇದನ್ನೇ ಮಾದರಿಯಾಗಿ ಬಳಸಬಹುದು:

"ಮಾನ್ಯರೇ, ತಮ್ಮ ಧಾರಾವಾಹಿಯನ್ನು ಮೊದಲ ಕಂತಿನಿಂದಲೂ ತಪ್ಪದೆ ನೋಡುತ್ತಿರುವ ಏಳು ಮಂದಿ ವೀಕ್ಷಕರು ಈ ಪತ್ರಕ್ಕೆ ಸಹಿ ಹಾಕಿದ್ದೇವೆ. ಗೋದಾಮಿನ ಕೊಲೆಯ ಕಂತಿನಲ್ಲಿ ಒಣಗಿದ ಕೊಡೆಯನ್ನು ಒಂಬತ್ತನೆಯ ನಿಮಿಷದಲ್ಲೇ ನಮಗೆ ತೋರಿಸಿದ್ದೀರಿ. ಅದನ್ನು ನಾವು ಗುರುತಿಸದೆ ಹೋದದ್ದು ನಮ್ಮ ಸೋಲಾಗಿತ್ತು, ಆ ಸೋಲು ನಮಗೆ ಸಂತೋಷ ಕೊಟ್ಟಿತ್ತು. ಈ ವರ್ಷದ ಎಂಟು ಕಂತುಗಳಲ್ಲಿ ಆರರಲ್ಲಿ ಅಪರಾಧಿಯ ಹೆಸರು ಮೂವತ್ತೈದನೆಯ ನಿಮಿಷದ ನಂತರವೇ ಮೊದಲ ಬಾರಿಗೆ ಕೇಳಿಬಂದಿದೆ; ಕಂತು ಮತ್ತು ನಿಮಿಷದ ಪಟ್ಟಿಯನ್ನು ಜೊತೆಗೆ ಇರಿಸಿದ್ದೇವೆ. ಮುಂದಿನ ಕಂತುಗಳಲ್ಲಿ ಅಪರಾಧಿಯನ್ನು ಆರಂಭದಲ್ಲೇ ಪರಿಚಯಿಸಿ, ಊಹಿಸುವ ಅವಕಾಶವನ್ನು ನಮಗೆ ಮರಳಿ ಕೊಡಬೇಕೆಂದು ಕೋರುತ್ತೇವೆ."

ಮೆಚ್ಚಿದ ಕಂತನ್ನು ಮೊದಲು ಹೇಳಿದ್ದು ಓಲೈಕೆಗಾಗಿ ಅಲ್ಲ. ಯಾವ ಮಟ್ಟಕ್ಕೆ ಮರಳಬೇಕೆಂಬುದನ್ನು ಅವರದೇ ಕೆಲಸದಿಂದ ತೋರಿಸಲು ಬೇರೆ ದಾರಿಯಿಲ್ಲ. ಪತ್ರದ ಒಂದು ಪ್ರತಿಯನ್ನು ವಾಹಿನಿಯ ವೀಕ್ಷಕರ ವಿಭಾಗಕ್ಕೂ ಇನ್ನೊಂದನ್ನು ನಿರ್ಮಾಣ ಸಂಸ್ಥೆಯ ವಿಳಾಸಕ್ಕೆ, ಚಿತ್ರಕಥೆಗಾರರ ಗಮನಕ್ಕೆ ಎಂದು ನಮೂದಿಸಿಯೂ ಸ್ಪೀಡ್‌ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಅದೇ ನೋಟ್‌ಬುಕ್ಕಿಗೆ ಅಂಟಿಸಿ.

ಈ ಪತ್ರವನ್ನು ಕಾನೂನಿನ ದೂರಿನೊಂದಿಗೆ ಬೆರೆಸಬೇಡಿ. ಕೇಬಲ್ ಟಿವಿ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಾಹಿನಿಯು ದೂರು ತಲುಪಿದ 24 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕು, 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ವ್ಯವಸ್ಥೆ ಇರುವುದು ಕಾರ್ಯಕ್ರಮ ಸಂಹಿತೆಯ ಉಲ್ಲಂಘನೆಗಾಗಿ, ಅಂದರೆ ಸಮುದಾಯವನ್ನು ಹೀಗಳೆಯುವುದು, ಹಿಂಸೆಗೆ ಪ್ರಚೋದಿಸುವುದು ಮುಂತಾದವಕ್ಕಾಗಿ. ಕಥೆ ಸಪ್ಪೆಯಾಯಿತೆಂಬುದು ಉಲ್ಲಂಘನೆಯಲ್ಲ. ಸಪ್ಪೆ ಕಥೆಗೆ ಕಾನೂನಿನ ಬೆದರಿಕೆ ಹಾಕಿದ ಪತ್ರ ಬರಹಗಾರರ ಮೇಜಿಗೆ ಹೋಗದೆ ವಕೀಲರ ಮೇಜಿಗೆ ಹೋಗುತ್ತದೆ.

ನೋಡುವುದನ್ನು ನಿಲ್ಲಿಸಿದರೆ ಸಾಲದೇ, ಟಿಆರ್‌ಪಿ ತಾನಾಗಿ ಇಳಿಯುವುದಿಲ್ಲವೇ ಎಂದು ನಮ್ಮಲ್ಲಿ ಒಬ್ಬರು ಕೇಳಿದರು. ಬಾರ್ಕ್ ಸಂಸ್ಥೆಯು ವೀಕ್ಷಣೆಯನ್ನು ಅಳೆಯುವುದು ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮಾತ್ರ ಇರಿಸಿದ ಮೀಟರುಗಳ ಮೂಲಕ. ಮೀಟರ್ ಇಲ್ಲದ ಮನೆಯಲ್ಲಿ ಟಿವಿ ಆರಿಸಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ನೇರವಾಗಿ ಲೆಕ್ಕಕ್ಕೆ ಸೇರುವುದು ಚಂದಾ. 2019ರಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವಿರುವುದರಿಂದ, ಬೇಡವಾದ ವಾಹಿನಿಯನ್ನು ನಿಮ್ಮ ಪಟ್ಟಿಯಿಂದ ತೆಗೆಸಬಹುದು. ಆದರೂ ಪತ್ರ ಕಳಿಸಿ ಕನಿಷ್ಠ ಮೂರು ತಿಂಗಳಾದರೂ ಕಾಯಬೇಕೆಂಬುದು ನನ್ನ ಸಲಹೆ, ಏಕೆಂದರೆ ಪತ್ರ ತಲುಪುವ ಹೊತ್ತಿಗೆ ಮುಂದಿನ ಹಲವು ಕಂತುಗಳ ಚಿತ್ರೀಕರಣ ಮುಗಿದಿರುತ್ತದೆ.

ಉತ್ತರ ಬಾರದೆ ಇರಬಹುದು. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಸಾಯಿಸಿದಾಗ ಓದುಗರು ಸಿಟ್ಟಿನ ಪತ್ರಗಳನ್ನು ಬರೆದರು. ಅವನು ಬದುಕಿ ಬಂದ ಕಥೆ ಪ್ರಕಟವಾದದ್ದು 1903ರಲ್ಲಿ. ನಮಗೆ ವಾಹಿನಿಯಿಂದ ಎರಡು ಸಾಲಿನ ಸ್ವೀಕೃತಿ ಬಂದಿದೆ, ಅಷ್ಟೇ. ಅದನ್ನೂ ರಸೀದಿಯ ಪಕ್ಕದಲ್ಲಿ ಅಂಟಿಸಿದ್ದೇವೆ. ಈ ಭಾನುವಾರದ ಕಂತಿನ ಹನ್ನೊಂದನೆಯ ನಿಮಿಷದಲ್ಲಿ ಅಡುಗೆಮನೆಯ ಕಿಟಕಿಯ ಚಿಲಕವೊಂದು ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ತೆರೆಯ ಮೇಲೆ ನಿಂತಿತು. ದೊಡ್ಡಮ್ಮ ಏನೂ ಹೇಳದೆ ನೋಟ್‌ಬುಕ್ಕನ್ನು ತಮ್ಮತ್ತ ಎಳೆದುಕೊಂಡು ಎಡಭಾಗದಲ್ಲಿ ಅದನ್ನು ಬರೆದರು.