ಫೋನ್ ಅಡುಗೆಮನೆಯ ಗೂಡು ಸೇರಿದ ಮೇಲೆ

ಬಿದರಿ ಕೆಲಸದಲ್ಲಿ ಬೆಳ್ಳಿ ತಂತಿ ಕೂಡಿಸುವಾಗ ಕಣ್ಣು ಅತ್ತಿತ್ತ ಹೋಗುವಂತಿಲ್ಲ. ಸತು, ತಾಮ್ರದ ಎರಕಕ್ಕೆ ಮೈಲುತುತ್ತದ ನೀರು ಹಚ್ಚಿ, ಉಳಿಯಿಂದ ಗೆರೆ ಕೊರೆಯುತ್ತೇವೆ. ಗೆರೆಯ ಆಳ ತುಸು ತಪ್ಪಿದರೂ ತಂತಿ ಹಿಡಿದು ನಿಲ್ಲುವುದಿಲ್ಲ. ಇಪ್ಪತ್ತು ವರ್ಷ ಬೀದರಿನಲ್ಲಿ ಇದೇ ಕೆಲಸ ಮಾಡಿದ ನನ್ನ ಕೈಯಲ್ಲಿ ಕಳೆದ ವರ್ಷ ಒಂದೇ ವಾರದಲ್ಲಿ ಎರಡು ಸುರಾಹಿಗಳು, ಅಂದರೆ ಉದ್ದ ಕತ್ತಿನ ಹೂಜಿಗಳು, ಕೆಟ್ಟವು. ಕನ್ನಡಕ ಬದಲಿಸಿದೆ. ಮೂರನೆಯದೂ ಕೆಟ್ಟಿತು.

ಕಲಬುರಗಿಯಲ್ಲಿ ಮನಃಶಾಸ್ತ್ರ ಓದುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ಒಂದು ಬೆಳಿಗ್ಗೆ ನನ್ನೆದುರು ಕುಳಿತು, "ಮಾಮಾ, ಒಂದು ತಾಸಿನಲ್ಲಿ ಹತ್ತೊಂಬತ್ತು ಸಲ ಫೋನ್ ನೋಡಿದಿರಿ. ಅದು ಸದ್ದು ಮಾಡಿದ್ದು ನಾಲ್ಕೇ ಸಲ" ಎಂದಳು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದನ್ನೂ ವಿವರಿಸಿದಳು. ಸದ್ದು ನಿಲ್ಲಿಸಿದ ಫೋನನ್ನು ಮೇಜಿನ ಮೇಲಿಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿಟ್ಟು ಬಂದವರು ಪೂರ್ತಿ ಗಮನ ಬೇಡುವ ಪರೀಕ್ಷೆಗಳಲ್ಲಿ ಮೇಲಾಗಿದ್ದರಂತೆ. ನಾನು ಅಂದೇ ಫೋನನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆ. ಕರೆ ಬಂದರೆ ಮನೆಯವರು ಕೂಗುತ್ತಾರೆ. ಸಂದೇಶಗಳನ್ನು ಮಧ್ಯಾಹ್ನ ಊಟಕ್ಕೆ ಎದ್ದಾಗ, ಸಂಜೆ ಕೆಲಸ ಮುಗಿದಾಗ ನೋಡುತ್ತೇನೆ.

ಮೊದಲ ಮೂರು ದಿನ ಬಹಳ ಕಷ್ಟವಾಯಿತು. ಜೇಬಿನಲ್ಲಿ ಫೋನ್ ಇಲ್ಲದಿದ್ದರೂ ತೊಡೆಯ ಹತ್ತಿರ ಅದು ಅದುರಿದಂತಾಗುತ್ತಿತ್ತು. ಮಗನ ಮೇಲೆ ಸುಮ್ಮಸುಮ್ಮನೆ ರೇಗಿದೆ. ನಾಲ್ಕನೆಯ ದಿನ ಚಡಪಡಿಕೆ ಇಳಿದು ಅದರ ಜಾಗಕ್ಕೆ ಹೆದರಿಕೆ ಬಂದಿತು. ಎರಡು ತಿಂಗಳಿಂದ ಬಾರದ ಬಾಕಿ ಹಣ, ಮಗನ ಕಾಲೇಜಿನ ಶುಲ್ಕ, ಎಲ್ಲವೂ ಒಮ್ಮೆಗೇ ಎದೆಯ ಮೇಲೆ ಕುಳಿತವು. ಈ ಚಿಂತೆ ತಲೆಯೆತ್ತಿದಾಗಲೆಲ್ಲ ನಾನು ಫೋನಿಗೆ ಕೈ ಹಾಕುತ್ತಿದ್ದೆ ಎಂಬುದು ಆಗ ತಿಳಿಯಿತು. ಫೋನ್ ಬಿಟ್ಟವರಿಗೆ ಕೂಡಲೇ ನೆಮ್ಮದಿ ಸಿಗುತ್ತದೆ ಎನ್ನುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ನನಗೆ ಮೊದಲು ಸಿಕ್ಕಿದ್ದು ನಾನು ಮುಚ್ಚಿಟ್ಟಿದ್ದ ಭಯ. ಚಿಂತೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಬಾಕಿ ಇಟ್ಟಿದ್ದ ವ್ಯಾಪಾರಿಗೆ ಕರೆ ಮಾಡಿ ನೇರವಾಗಿ ಕೇಳಿದೆ. ಅರ್ಧ ಹಣ ಬಂದಿತು.

ನಿದ್ರೆ ಬೇಗ ಸರಿಹೋಯಿತು. ಗಮನ ಮರಳಲು ಸುಮಾರು ಒಂದು ತಿಂಗಳು ಹಿಡಿಯಿತು. ಎಷ್ಟು ಪ್ರಯತ್ನಿಸಿದರೂ ಬಿಡಲಾಗದವರು ನಾಚಿಕೊಳ್ಳಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಚಿಕಿತ್ಸಾಲಯವಿದೆ.

ಬಿದರಿ ಕೆಲಸದ ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತೇವೆ. ಮೈಯೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಸ್ಟೇಟಸ್‌ಗೆ ಹಾಕಲೆಂದು ಆ ಗಳಿಗೆಯನ್ನು ವರ್ಷಗಟ್ಟಲೆ ಫೋನಿನ ಪರದೆಯಲ್ಲೇ ನೋಡಿದ್ದೆ. ಕಳೆದ ವಾರ ಸುರಾಹಿಯೊಂದನ್ನು ಮಗ ತೊಳೆದ, ನಾನು ಎಣ್ಣೆ ಹಚ್ಚಿದೆ. ಕಪ್ಪಿನ ನಡುವೆ ಬೆಳ್ಳಿಯ ಬಳ್ಳಿಗಳು ಒಂದೊಂದಾಗಿ ಮೂಡುವುದನ್ನು ಇಬ್ಬರೂ ನೋಡುತ್ತ ಕುಳಿತೆವು.