ತತ್ತಿ ಇಡುವ ಕಾಕಟೀಲ್‌ಗೆ ಮನೆಯಲ್ಲೇ ರಕ್ತ ಪರೀಕ್ಷೆ

ನಮ್ಮ ಚಿನ್ನಿ 92 ಗ್ರಾಂ ತೂಗುವ ಕಾಕಟೀಲ್, ಗಿಣಿ ಜಾತಿಯ ಸಣ್ಣ ಹಕ್ಕಿ. ಹೋದ ಏಪ್ರಿಲ್‌ನಲ್ಲಿ ನಾಲ್ಕನೇ ತತ್ತಿಯ ಹೊತ್ತಿಗೆ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತುಬಿಟ್ಟಳು. ಕ್ಯಾಲ್ಸಿಯಂ ಎಷ್ಟಿದೆ ಅಂತ ನೋಡಲು ಡಾಕ್ಟರ್ ತೆಗೆದ ರಕ್ತ ಮನುಷ್ಯರ ಲ್ಯಾಬಿಗೆ ಹೋಯಿತು. ಅಲ್ಲಿ ಅದನ್ನು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ್ದರು. ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಂಥ ರಿಪೋರ್ಟ್ ಬಂತು! ರಕ್ತ ಹೆಪ್ಪುಗಟ್ಟದಿರಲಿ ಅಂತ ಆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ನೋಡಲು ಹೆಪಾರಿನ್ ಎಂಬ ಬೇರೆ ಹೆಪ್ಪುರೋಧಕ ಇರುವ ಹಸಿರು ಮುಚ್ಚಳದ ಟ್ಯೂಬೇ ಬೇಕು. ಅಷ್ಟರಲ್ಲಿ ಅರ್ಧ ದಿನ ಹೋಯಿತು.

ಈಗ ಡಾಕ್ಟರ್ ಐ-ಸ್ಟ್ಯಾಟ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ತರುತ್ತಾರೆ. ಎರಡು ಮೂರು ಹನಿ ರಕ್ತ ಸಾಕು, ಕೆಲವೇ ನಿಮಿಷದಲ್ಲಿ ಫಲಿತಾಂಶ. ಆದರೆ ಅದು 16ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಕೆಲಸ ಮಾಡುತ್ತದೆ. ನಮ್ಮ ವಿಜಯಪುರದ ಬೇಸಿಗೆ ಗೊತ್ತಲ್ವಾ? ಬೆಳಗ್ಗೆ ಬೇಗ, ಮನೆಯಲ್ಲಿ ತಂಪಾಗಿರುವ ಕೋಣೆಯಲ್ಲಿ ಮಾಡಿಸಿ. ರಕ್ತ ಹಾಕುವ ಕಾರ್ಟ್ರಿಜ್ ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಹೊರಗಿಡಬೇಕು. ತೆಗೆದದ್ದನ್ನು ಮತ್ತೆ ಒಳಗೆ ಇಡಬಾರದು.

ಮೊದಲು ಹಕ್ಕಿಯನ್ನು ತೂಗಿ. ತೂಕದ ಶೇಕಡ 1ಕ್ಕಿಂತ ಜಾಸ್ತಿ ರಕ್ತ ತೆಗೆಯುವಂತಿಲ್ಲ, ಚಿನ್ನಿಗೆ ಅದು 0.9 ಮಿಲಿಲೀಟರ್. ಸೂಜಿ ಡಾಕ್ಟರ್ ಕೈಯಲ್ಲೇ ಇರಲಿ. ಕತ್ತಿನ ಬಲಗಡೆಯ ರಕ್ತನಾಳ ಎಡಗಡೆಯದಕ್ಕಿಂತ ದೊಡ್ಡದು, ಸಾಮಾನ್ಯವಾಗಿ ಅಲ್ಲಿಂದಲೇ ತೆಗೆಯುತ್ತಾರೆ. ನಿಮ್ಮ ಕೆಲಸ ಟವೆಲ್‌ನಲ್ಲಿ ಹಿಡಿದುಕೊಳ್ಳುವುದು. ಎದೆ ಮಾತ್ರ ಒತ್ತಬೇಡಿ. ಎದೆಮೂಳೆ ಆಡಿದರೇನೇ ಹಕ್ಕಿಗೆ ಉಸಿರು. ನನಗೆ ಈಗಲೂ ಆ ಹೊತ್ತಿಗೆ ಕೈ ನಡುಗುತ್ತದೆ. ಆಮೇಲೆ ರಕ್ತ ನಿಲ್ಲುವವರೆಗೆ ಹತ್ತಿಯಿಂದ ಮೆಲ್ಲಗೆ ಅದುಮಿ.

ರಿಪೋರ್ಟಿನಲ್ಲಿ ಅಯಾನೈಸ್ಡ್ ಕ್ಯಾಲ್ಸಿಯಂ ನೋಡಿ, ಅಂದರೆ ಯಾವುದಕ್ಕೂ ಅಂಟಿಕೊಳ್ಳದೆ ರಕ್ತದಲ್ಲಿ ಬಿಡಿಯಾಗಿರುವ ಭಾಗ. ಒಟ್ಟು ಕ್ಯಾಲ್ಸಿಯಂ ನಂಬಿ ಕೂರಬೇಡಿ. ತತ್ತಿ ಕಟ್ಟುವಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರಿ, ಹಳದಿ ಭಾಗಕ್ಕೆ ಬೇಕಾದ ಪ್ರೋಟೀನ್ ರಕ್ತಕ್ಕೆ ಬರುತ್ತದೆ. ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಳ್ಳುವುದರಿಂದ ಒಟ್ಟು ಲೆಕ್ಕ ಡೆಸಿಲೀಟರ್‌ಗೆ (100 ಮಿಲಿಲೀಟರ್‌ಗೆ) 20 ಮಿಲಿಗ್ರಾಂ ದಾಟಿದರೂ ಅದು ಸಹಜ. ತತ್ತಿಯನ್ನು ಹೊರಗೆ ತಳ್ಳುವ ಸ್ನಾಯುಗಳಿಗೆ ಸಿಗುವುದು ಅಯಾನೈಸ್ಡ್ ಭಾಗ ಮಾತ್ರ. ಅದು ಇಳಿದರೆ ತತ್ತಿ ಒಳಗೇ ಸಿಕ್ಕಿಕೊಳ್ಳಬಹುದು. ಚಿನ್ನಿಗೆ ಆಗಿದ್ದೂ ಅದೇ. ಕ್ಯಾಲ್ಸಿಯಂ ಇಂಜೆಕ್ಷನ್, ಬೆಚ್ಚಗಿನ ಜಾಗ ಕೊಟ್ಟ ಮೇಲೆ ಸಂಜೆಗೆ ತತ್ತಿ ಹೊರಬಂತು. ಹಕ್ಕಿ ತತ್ತಿ ಇಡಲಾಗದೆ ತಿಣುಕುತ್ತಿದ್ದರೆ ಪರೀಕ್ಷೆಗೂ ಕಾಯಬೇಡಿ, ಚಿಕಿತ್ಸೆ ಮೊದಲು.

ಆರೋಗ್ಯವಾಗಿರುವಾಗಲೇ ಒಮ್ಮೆ ಪರೀಕ್ಷೆ ಮಾಡಿಸಿ, ತಾರೀಖು, ತೂಕ, ತತ್ತಿಯ ಲೆಕ್ಕದ ಜೊತೆ ಬರೆದಿಡಿ. ಮುಂದೆ ಡಾಕ್ಟರ್ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ. ನಾನು ಸೂರ್ಯಕಾಂತಿ ಬೀಜ ಕಡಿಮೆ ಮಾಡಿದೆ, ಕ್ಯಾಲ್ಸಿಯಂ ಸಿಗಲಿ ಅಂತ ಪಂಜರಕ್ಕೆ ಕಟಲ್‌ಬೋನ್ (ಒಂದು ಕಡಲಜೀವಿಯ ಒಳಚಿಪ್ಪು) ಕಟ್ಟಿದೆ. ಇಟ್ಟ ತತ್ತಿಗಳನ್ನು ಒಂದೊಂದಾಗಿ ತೆಗೆಯುವುದನ್ನೂ ಬಿಟ್ಟೆ. ತೆಗೆದಷ್ಟೂ ಅವಳು ಮತ್ತೆ ಇಡುತ್ತಿದ್ದಳು.