ಕಥೆಯ ನೌಕೆಯನ್ನು ರೋಹಿಣಿ ಕಡೆ ತಿರುಗಿಸಿದೆ

ಮಕ್ಕಳಿಗಾಗಿ ಒಂದು ವಿಜ್ಞಾನ ಕಥೆ ಬರೆಯುತ್ತಿದ್ದೆ. "ನೌಕೆ ಮಹಾವ್ಯಾಧ ತಲುಪಿತು" ಅಂತ ಶುರು. ಮಹಾವ್ಯಾಧ ಅಂದರೆ ಬೇಟೆಗಾರನ ಆಕಾರದ ನಕ್ಷತ್ರಪುಂಜ, ಇಂಗ್ಲಿಷಿನಲ್ಲಿ ಓರಿಯನ್. ಗಂಗಾವತಿಯ ನಮ್ಮ ಮನೆ ಮಾಳಿಗೆ ಮೇಲೆ ಕೂತು ತಂಗಿಯ ಮಗಳಿಗೆ ಓದಿದೆ. "ಮಾಮಾ, ಅದರಾಗ ಯಾವ ಚುಕ್ಕಿಗೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಹಾವ್ಯಾಧ ಒಂದು ಊರಲ್ಲ. ಅದರ ಪಾದದಲ್ಲಿರುವ ರೀಗಲ್ ನಕ್ಷತ್ರ ಸುಮಾರು 860 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಭುಜದ ಬೆಲ್ಲಾಟ್ರಿಕ್ಸ್ ಸುಮಾರು 250. ರಾತ್ರಿ ಆನೆಗುಂದಿ ದಾರಿಯಲ್ಲಿ ಬರುವಾಗ ಅಂಜನಾದ್ರಿ ಮೇಲಿನ ದೀಪ, ರಸ್ತೆ ಬದಿಯ ಚಹಾದಂಗಡಿಯ ಬಲ್ಬು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವಲ್ವಾ, ಹಾಗೇ ಇದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 88 ಪುಂಜಗಳಿಗೆ ಹಾಕಿದ ಗಡಿ 1930ರಲ್ಲಿ ಪ್ರಕಟವಾಯಿತು. ಹೊಲಕ್ಕೆ ಬದು ಹಾಕಿದ ಹಾಗೆ ಇಡೀ ಆಕಾಶವನ್ನು ಹಂಚಿದ್ದಾರೆ. ಆದರೆ ಆ ಬದು ದಿಕ್ಕನ್ನಷ್ಟೇ ಹೇಳುತ್ತದೆ, ದೂರವನ್ನಲ್ಲ. ನೌಕೆಗೆ ಒಂದು ನಕ್ಷತ್ರವೇ ಬೇಕು.

ನಾನು ಮಹಾವ್ಯಾಧ ಬಿಟ್ಟು ರೋಹಿಣಿ ನಕ್ಷತ್ರವನ್ನು ಆರಿಸಿಕೊಂಡೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಅಲ್ಡೆಬರಾನ್. ನಮ್ಮಲ್ಲಿ ಆ ಹೆಸರು ಮಳೆಯ ಜೊತೆಗೇ ಬಾಯಿಗೆ ಬರುತ್ತದೆ. ಅಮ್ಮನಿಗೆ ರೋಹಿಣಿ, ಮಿರಗ, ಆರಿದ್ರಾ ಮಳೆಗಳೆಲ್ಲ ಬಾಯಿಪಾಠ. ಆ ಚುಕ್ಕಿ ಮಾತ್ರ ನೋಡಿರಲಿಲ್ಲ. ಮೇ ಕೊನೆಗೆ ರೋಹಿಣಿ ಮಳೆ ಕೂಡುವಾಗ ಸೂರ್ಯ ಅದೇ ದಿಕ್ಕಿನಲ್ಲಿ ಇರುತ್ತಾನೆ, ರಾತ್ರಿ ಅದು ಕಾಣುವುದೇ ಇಲ್ಲ. ಜನವರಿಯ ಒಂದು ಸಂಜೆ ತೋರಿಸಿದೆ. ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳ ಗೆರೆಯನ್ನು ಕೃತ್ತಿಕೆಯ ಕಡೆ ಎಳೆದರೆ ನಡುವೆ ಕೆಂಪಗೆ ಒಂದು ಸಿಗುತ್ತದೆ. ಅಮ್ಮ ಸೆರಗು ಹೊದ್ದುಕೊಂಡು ತುಂಬಾ ಹೊತ್ತು ನೋಡಿದಳು. "ಇದೇ ಏನು ನಮ್ಮ ರೋಹಿಣಿ?" ಅಂದಳು. ಅದರ ದೂರ ಸುಮಾರು 65 ಜ್ಯೋತಿರ್ವರ್ಷ. ಅಮ್ಮನ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ. ಅವಳು ಹುಟ್ಟಿದಾಗ ಹೊರಟ ಬೆಳಕು ಅವಳ ಕಣ್ಣಿಗೆ ಬಿತ್ತು. ಇದನ್ನು ಹಾಗೇ ಕಥೆಗೆ ಹಾಕಿದೆ.

ಇನ್ನೊಂದು ವಿಷಯವನ್ನೂ ತಿದ್ದಬೇಕಾಯಿತು. ರೋಹಿಣಿಯ ಸುತ್ತ ಕಾಣುವ ಹಯಾಡೀಸ್ ಎಂಬ ನಕ್ಷತ್ರಗಳ ಗುಂಪು ಅದರ ನೆರೆಮನೆ ಅಂತ ಬರೆದಿದ್ದೆ. ಆ ಗುಂಪು ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರ ಇದೆ. ಆ ಪುಟ ಪೂರ್ತಿ ತೆಗೆದೆ.

ಕೊನೆ ಪುಟ ಬರೆಯಲು ವಾರ ಹಿಡಿಯಿತು. ರೋಹಿಣಿಯಿಂದ ನೋಡಿದರೆ ಸೂರ್ಯ ಎಲ್ಲಿ ಕಾಣುತ್ತಾನೆ? ನಮಗೆ ರೋಹಿಣಿ ಇರುವ ದಿಕ್ಕಿಗೆ ತೀರಾ ಎದುರು, ಜ್ಯೇಷ್ಠಾ ನಕ್ಷತ್ರದ ಹತ್ತಿರ. ಬರಿಗಣ್ಣಿಗೆ ಸಿಗುವುದು ಕಷ್ಟ, ಅಷ್ಟು ಮಂಕು. ಅದಕ್ಕೇ ನನ್ನ ಕಥೆಯ ಹುಡುಗಿ ಬೈನಾಕ್ಯುಲರ್ ಹಿಡಿದು, ಜ್ಯೇಷ್ಠಾದ ಪಕ್ಕದಲ್ಲಿ ತನ್ನೂರಿನ ಸೂರ್ಯನನ್ನು ಹುಡುಕುತ್ತಾಳೆ.